ಶೋಕೇಸಿನಲ್ಲೊಂದು ವಾರೆ ಕಿಟಕಿ

ಮದುಮಕ್ಕಳ ಫೋಟೋ ತೆಗೆದರೆ ಯಾರೂ ಏನೂ ಕೇಳುವುದಿಲ್ಲ. ಕಿಟಕಿಯ ಫೋಟೋ ತೆಗೆದರೆ ಊರೇ ವಿಚಾರಣೆಗೆ ನಿಲ್ಲುತ್ತದೆ. ತೊಂಬತ್ತರ ದಶಕದಲ್ಲಿ ಶಿರಸಿಯ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದೆ. ಮದುವೆ ಮುಗಿದು ರೀಲಿನಲ್ಲಿ ಉಳಿದ ನಾಲ್ಕೈದು ಫ್ರೇಮು ಪೇಟೆಯ ಹಳೇ ಕಿಟಕಿಗಳಿಗೇ ಮೀಸಲು. ಕಿಟಕಿ ನೋಡಲು ಯಾರು ಬರುತ್ತಾರೆ ಮಾರಾಯಾ ಎನ್ನುತ್ತಿದ್ದರು ಮಾಲೀಕರು. ಬರುವವರೆಗೂ ತೆಗೆಯುತ್ತೇನೆ ಎಂದು ನನ್ನ ಹಟ.

೧. ಎರಡು ಕಡೆಯ ಚಹಾ

ಯಲ್ಲಾಪುರದ ಪೇಟೆಯಲ್ಲಿ ಮಹಡಿ ಕಿಟಕಿಯೊಂದಕ್ಕೆ ಕ್ಯಾಮೆರಾ ಹಿಡಿದಿದ್ದೆ. ಕೆಳಗಿನ ಅಂಗಡಿಯವರು ಓಡಿಬಂದು ಕುರ್ಚಿ ಹಾಕಿ ಚಹಾ ಕೊಟ್ಟರು. ಕಲೆ ಗೊತ್ತಿರುವವರು ಇದ್ದಾರಲ್ಲ ಎಂದು ಉಬ್ಬಿಹೋದೆ. ಚಹಾ ಮುಗಿದ ಮೇಲೆ ಅವರು ಮೆಲ್ಲಗೆ, "ರಸ್ತೆ ಅಗಲ ಮಾಡೋದಿದ್ರೆ ಎದುರಿನ ಸಾಲು ಒಡೀರಿ, ಸಾಹೇಬ್ರೆ" ಎಂದರು. ನಾನು ಸರ್ಕಾರದವನಲ್ಲ, ಕಿಟಕಿ ನೋಡಲು ಬಂದವನು ಎಂದರೂ ನಂಬಲಿಲ್ಲ. ಎದುರಿನ ಸಾಲಿಗೆ ಕ್ಯಾಮೆರಾ ತಿರುಗಿಸಿದೆ. ಅಲ್ಲಿಂದಲೂ ಒಂದು ಲೋಟ ಚಹಾ ಬಂತು.

೨. ಅಜ್ಜನ ಟೊಪ್ಪಿ

ಸಿದ್ದಾಪುರದಲ್ಲಿ ಬಣ್ಣದ ಗಾಜಿನ ಕಿಟಕಿಯೊಂದನ್ನು ತೆಗೆಯಲು ಮನೆಯವರನ್ನು ಕೇಳಿದೆ. ಹತ್ತು ನಿಮಿಷದಲ್ಲಿ ಹೊಸ ಪರದೆ ಇಳಿಬಿಟ್ಟು, ಅದರೆದುರು ಒಂಬತ್ತು ಜನ ಸಾಲಾಗಿ ನಿಂತರು. ಬರೀ ಕಿಟಕಿ ಸಾಕು ಎಂದದ್ದಕ್ಕೆ ಮನೆಯೊಡತಿಗೆ ಸಿಟ್ಟು ಬಂತು. ಜನ ಇಲ್ಲದ ಫೋಟೋ ತೆಗೆಯಲು ಇದೇನು ಹಾಳುಬಿದ್ದ ಮನೆಯೇ ಎಂದರು. ನಾನು ಬಗ್ಗಲಿಲ್ಲ, ಅವರು ಜರುಗಲಿಲ್ಲ. ಆ ಫೋಟೋದಲ್ಲಿ ಕಿಟಕಿ ಇದೆ, ಅಜ್ಜನ ಟೊಪ್ಪಿಯ ಮೇಲೆ ಒಂದಿಂಚು.

೩. ಕೇಳಿಕೊಂಡು ಬಂದವರು

ಶಿರಸಿಯಲ್ಲೇ ಒಂದು ಕಿಟಕಿ: ಒಂದು ಕದ ನೆಟ್ಟಗೆ, ಇನ್ನೊಂದು ಬಿಜಾಗರಿ ಕಳಚಿ ವಾರೆಯಾಗಿ ಜೋತುಬಿದ್ದಿತ್ತು. ಅದರ ಚೆಂದವೆಲ್ಲ ಆ ವಾರೆಯಲ್ಲೇ. ಫೋಟೋ ದೊಡ್ಡದು ಮಾಡಿಸಿ, ಶೋಕೇಸಿನಲ್ಲಿ ಮದುಮಗಳೊಬ್ಬಳ ಪಕ್ಕವೇ ಇಟ್ಟೆ. ಮಾಲೀಕರು ತೆಗೆ ಎಂದರು. ಅದು ಹೋದರೆ ನಾನೂ ಹೋಗುತ್ತೇನೆ ಎಂದೆ. ದೀಪಾವಳಿಯೊಳಗೆ ಒಬ್ಬರಾದರೂ ಅದನ್ನು ಕೇಳಿಕೊಂಡು ಬರಲಿ, ಇಲ್ಲವಾದರೆ ಇಬ್ಬರೂ ಹೊರಡಿ ಎಂದರು.

ಹಬ್ಬಕ್ಕೆ ವಾರವಿರುವಾಗ ಆ ಮನೆಯ ಯಜಮಾನರೇ ಬಂದರು. ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ತನ್ನ ಕಿಟಕಿ ಇಲ್ಲದ ಮನೆಗೆ ಕಾಲಿಡುವುದಿಲ್ಲ ಎಂದು ಅವರ ತಾಯಿ ಕೂತುಬಿಟ್ಟಿದ್ದರು. ಬಡಿಗನಿಗೆ ತೋರಿಸಲು ಫೋಟೋ ಬೇಕಿತ್ತು. ಮಾಲೀಕರ ಕಣ್ಣೆದುರೇ, ಬೇಕೆಂದೇ ನಿಧಾನವಾಗಿ, ಪ್ರಿಂಟು ಸುತ್ತಿಕೊಟ್ಟೆ.

ಬಡಿಗ ಫೋಟೋದಲ್ಲಿದ್ದಂತೆಯೇ ಮಾಡಿಕೊಟ್ಟ: ಹೊಸ ಸಾಗವಾನಿ ಕಿಟಕಿ, ಒಂದು ಕದ ನೆಟ್ಟಗೆ, ಒಂದು ವಾರೆ. ಸರಿಮಾಡಲು ಯಜಮಾನರು ಸುತ್ತಿಗೆ ಎತ್ತಿದರು. ತಾಯಿ ಅಡ್ಡ ನಿಂತರು.

"ಮುಟ್ಟಡ. ಐವತ್ತು ವರ್ಷ ಆನು ಪೇಟೆ ನೋಡಿದ್ದು ಆ ಸಂದೀಲೇ. ನಿಂಗೆ ನೆಟ್ಟಗೆ ಬೇಕಾದ್ರೆ ಬೇರೆ ಮನೆ ಕಟ್ಟಿಸ್ಕ್ಯ."