ಹುಲಿಮರಿ ಎಂಬ ಫಲಾನುಭವಿ

ಸುರಪುರ ತಾಲ್ಲೂಕಿನ ಮಕ್ಕಳನ್ನು ಫೋನಿನೊಳಗಿನ ಕಿರುಕುಳದಿಂದ ಕಾಪಾಡುವ ಮಹತ್ಕಾರ್ಯವು, ಕಾಪಾಡಿಸಿಕೊಳ್ಳಲು ಒಂದೂ ಮಗು ಸಿಗದ ಕಾರಣ, ಕಾಲುವೆಗೆ ನೀರು ಬಿಡುವ ಹೊತ್ತಿಗೆ ನಿಂತುಹೋಗುವ ಹಂತಕ್ಕೆ ಬಂದಿತ್ತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ವ್ಯವಸ್ಥೆ ಪಕ್ಕಾ ಇತ್ತು. ಹಣ ಕೊಡುವ ಪಾಲುದಾರರು ಸಮುದ್ರದಾಚೆ ಇದ್ದರು. ಅದನ್ನು ಕೊಡಿಸುವ ಪಾಲುದಾರರು ದಿಲ್ಲಿಯಲ್ಲಿದ್ದರು. ಕೊಡಿಸಿದ್ದು ತಲುಪಿತೋ ಇಲ್ಲವೋ ಎಂದು ನೋಡುವ ಪಾಲುದಾರರು ಬೆಂಗಳೂರಿನಲ್ಲಿದ್ದರು. ನಾರಾಯಣಪುರ ಅಣೆಕಟ್ಟಿನ ನೀರು ಮೇಲಿನವರ ಹೊಲ ತೋಯಿಸಿ, ನಡುವಿನವರ ಗದ್ದೆ ತುಂಬಿಸಿ, ಕಾಲುವೆಯ ಕೊನೆಗೆ ಬರುವಾಗ ಬರೀ ಕಪ್ಪೆಯ ದನಿಯಾಗಿ ಉಳಿಯುತ್ತದಲ್ಲ, ಹಾಗೆ ಆ ಹಣ ಸುರಪುರದ ‘ಮಕ್ಕಳ ಹಿತ ಕಾವಲು ಸಂಘ’ಕ್ಕೆ ಬರುವಾಗ ಒಂದು ಬ್ಯಾನರು ಮತ್ತು ಒಂದು ತಿರುಗುವ ಕುರ್ಚಿಯಾಗಿ ಉಳಿದಿತ್ತು. ಕುರ್ಚಿಯ ಮೇಲೆ ಸಂಘದ ಕಾರ್ಯದರ್ಶಿ ಮರಿಲಿಂಗಪ್ಪ ಕೂತಿದ್ದ. ಮುಂದಿನ ಕಂತಿಗೆ ಶರತ್ತು ಒಂದೇ. ರಕ್ಷಣೆ ಪಡೆಯುವ ಮಗು ತನ್ನದೇ ಫೋನಿನಲ್ಲಿ ಮೂರೂ ಪಾಲುದಾರರ ಪ್ರಶ್ನೆಗಳಿಗೆ ದಿನಾಲೂ ಉತ್ತರ ಕೊಡಬೇಕು. ಹಳ್ಳಿಯ ಮಕ್ಕಳ ಪಾಲಿನ ಫೋನು ಅಪ್ಪನ ಅಂಗಿಯ ಕಿಸೆಯಲ್ಲಿ ಕೂತು ಹೊಲಕ್ಕೆ ಹೋಗುತ್ತಿತ್ತು. ಆದ್ದರಿಂದ ನಿಯಮದ ಪ್ರಕಾರ ತಾಲ್ಲೂಕಿನಲ್ಲಿ ಮಕ್ಕಳೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಅಮಾತೆಪ್ಪ ಸಂಘದ ಮೆಟ್ಟಿಲು ಹತ್ತಿದ.

ಅಮಾತೆಪ್ಪ ಎಂದರೆ ಸಣ್ಣ ಆಸಾಮಿ ಅಲ್ಲ. ಕಾಲುವೆ ಬಂದಂದಿನಿಂದ ಮುದುಕನಾಗುವವರೆಗೆ ಗೇಟು ತಿರುಗಿಸಿದವನು. ಒಂದು ವರ್ಷ ಗೇಟಿನ ಸರಪಳಿ ಹರಿದಾಗ ತನ್ನ ರುಮಾಲು ಬಿಚ್ಚಿ ಗೇಟಿಗೆ ಕಟ್ಟಿ, ಹಲ್ಲಿನಿಂದ ಕಚ್ಚಿ ಎತ್ತಿದ್ದ. ಆಗ ಉದುರಿದ ಹಲ್ಲು ಇಂದಿಗೂ ಗೇಟಿನ ಬುಡದಲ್ಲಿದೆ. ಅನುಮಾನ ಇದ್ದವರು ನೀರು ನಿಂತಾಗ ಹೋಗಿ ನೋಡಬಹುದು. ಹೋದವರಿಗೆ ಕಾಣದಿದ್ದರೆ ಅದು ಅವರ ಕಣ್ಣಿನ ದೋಷ.

ಅಂಥವನ ಮನೆಯಲ್ಲೇ ಈಗ ಒಂದು ಪೇಚು ಬಂದಿತ್ತು. ಮೊಮ್ಮಗಳು ಮೋನಮ್ಮ ಒಂಬತ್ತನೇ ಕ್ಲಾಸು. ಮನೆಯ ಫೋನಿನಲ್ಲಿ ‘ಹುಲಿಮರಿ’ ಎಂಬ ಹೆಸರಿನವನೊಬ್ಬ, ತಾನೂ ಒಂಬತ್ತನೇ ಕ್ಲಾಸಿನ ಹುಡುಗ ಎಂದು ಹೇಳಿ ಮೊದಲು ಲೆಕ್ಕದ ಉತ್ತರ ಕೇಳಿದ. ಆಮೇಲೆ ಫೋಟೊ ಕೇಳಿದ. ಆಮೇಲೆ, ಕಳಿಸದಿದ್ದರೆ ನಿನ್ನ ಮುಖವನ್ನು ಕೆಟ್ಟ ಚಿತ್ರಕ್ಕೆ ಹಚ್ಚಿ ಊರಿಗೆಲ್ಲ ಹಂಚುತ್ತೇನೆ ಎಂದ. ಹುಡುಗಿ ಹೋಗಿ ತಾಯಿಗೆ ಹೇಳಿದಳು. ತಾಯಿ ಯಂಕಮ್ಮ ಫೋನನ್ನು ಜೋಳದ ಡಬ್ಬಿಯಲ್ಲಿ ಹುಗಿದು, “ಸಾಲಿನೂ ಸಾಕು. ನಾಳಿಂದ ಹತ್ತಿ ಹೊಲದಾಗ ಕಳೆ ತಗಿಯಾಕ ಬಾ” ಅಂದಳು.

“ತಪ್ಪು ಮಾಡಿದಾವ ಯಾವನೋ, ಸಾಲಿ ಬಿಡಾಕಿ ನಾನಾ, ಮುತ್ಯಾ?” ಎಂದು ಮೋನಮ್ಮ ಅಜ್ಜನನ್ನು ಕೇಳಿದ್ದಳು. ಗೇಟನ್ನು ಹಲ್ಲಿನಿಂದ ಎತ್ತಿದವನಿಗೆ ಆ ಮಾತು ಎತ್ತಲಾಗಲಿಲ್ಲ.

ಮರಿಲಿಂಗಪ್ಪ ಎಲ್ಲ ಕೇಳಿಸಿಕೊಂಡು ದುಃಖದಿಂದ ಕುರ್ಚಿಯನ್ನು ಅರ್ಧ ತಿರುಗಿಸಿದ.

“ತಡಾ ಮಾಡಿದ್ರಿ ಕಾಕಾ. ನಮ್ಮದು ಕಿರುಕುಳ ಆಗೋಕಿಂತ ಮುಂಚೆ ತಡಿಯೋ ಯೋಜನಾ. ಆದಮ್ಯಾಲಿಂದಕ್ಕ ಬ್ಯಾರೆ ಪಾಲುದಾರಿಕಿ ಬೇಕು. ಅದಕ್ಕ ಇನ್ನಾ ಯಾರೂ ಪಾಲುದಾರ್ರು ಸಿಕ್ಕಿಲ್ಲ.”

“ಮತ್ತ ಮುಂಚೆ ಆದ್ರೂ ಬರೋದು ಹ್ಯಾಂಗ್ರಿ? ಅವಾ ಹೇಳಿ ಬಂದಾನೇನು?”

“ಅದು ಖರೆ. ಹುಡಿಗಿ ಹತ್ರ ಫೋನ್ ಅದಾ?”

“ಜೋಳದ ಡಬ್ಬ್ಯಾಗ ಅದ.”

“ನೋಡ್ರಿ, ಫೋನ್ ಇಲ್ಲದ ಮಗೂಗ ಅಪಾಯನೇ ಇಲ್ಲ. ನಿಮ್ಮ ಮೊಮ್ಮಗಳು ಸುರಕ್ಷಿತ ಅದಾಳ ಅಂತ ಬರಕೊಂತೀನಿ. ಚಾ ಕುಡೀರಿ.”

ಚಹಾ ಬಂತು. ಕುಡಿಯುತ್ತಾ ಅಮಾತೆಪ್ಪನಿಗೆ ಹಳೆಯ ಕಸುಬು ನೆನಪಾಯಿತು. ರಾತ್ರೋರಾತ್ರಿ ಕಾಲುವೆ ಒಡೆದು ನೀರು ಕದಿಯುವವರ ಜೊತೆ ಅವನು ಎಂದೂ ಜಗಳಾಡಿದವನಲ್ಲ. ಗೇಟನ್ನು ಪೂರಾ ಎತ್ತಿ, ಇದ್ದ ನೀರನ್ನೆಲ್ಲ ಅವರ ಹೊಲಕ್ಕೇ ಬಿಡುತ್ತಿದ್ದ. ಬೆಳಿಗ್ಗೆ ಕಳ್ಳ ತಾನೇ ಮೊಳಕಾಲುದ್ದ ಕೆಸರಿನಲ್ಲಿ ಬಂದು, ಮಾಲಕರ, ನೀರು ನಿಲ್ಲಿಸ್ರಿ ಎಂದು ಕೈಮುಗಿಯುತ್ತಿದ್ದ.

“ಸಾಹೇಬ್ರ, ನಿಮಗ ಸ್ವಂತ ಫೋನ್ ಇದ್ದ ಮಗು ಬೇಕಲ್ಲ?”

ಕುರ್ಚಿ ಪೂರ್ತಿ ತಿರುಗಿ ಬಂತು.

“ಒಂದು ಅದ. ಒಂಬತ್ತನೇ ಕ್ಲಾಸು. ಹಗಲೂ ರಾತ್ರಿ ಫೋನಿನ್ಯಾಗೇ ಇರ್ತದ. ಫೋಟೊ ಅಂದ್ರ ಭಾಳ ಹುರುಪು.”

“ಹೆಸರು?”

“ಹುಲಿಮರಿ.”

“ಒಂಬತ್ತನೇ ಕ್ಲಾಸು ಅಂತ ಪುರಾವೆ?”

“ತಾನೇ ಬರದು ಕಳಿಸ್ಯಾದ. ಬೇಕಂದ್ರ ತೋರಸ್ತೀನಿ.”

ಮಗು ತಾನೇ ಬರೆದುಕೊಟ್ಟ ವಯಸ್ಸನ್ನು ಅನುಮಾನಿಸುವುದು ಮಗುವಿನ ಘನತೆಗೆ ಧಕ್ಕೆ ಎಂದು ದಿಲ್ಲಿಯ ಸುತ್ತೋಲೆ ಸ್ಪಷ್ಟವಾಗಿ ಹೇಳಿತ್ತು. ಮರಿಲಿಂಗಪ್ಪ ಅಮಾತೆಪ್ಪ ತಂದುಕೊಟ್ಟ ನಂಬರನ್ನು ಅಂದೇ ಮೂರೂ ಪಾಲುದಾರರಿಗೆ ಕಳಿಸಿದ. ಇಡೀ ತಾಲ್ಲೂಕಿಗೆಂದು ಕಟ್ಟಿ ನಿಲ್ಲಿಸಿದ್ದ ಸಂರಕ್ಷಣೆ ಆ ಒಂದೇ ಫೋನಿಗೆ ಹರಿಯಿತು.

ಮೊದಲ ಮುಂಜಾನೆ ಸಂಘದ ಕಾರ್ಯಕರ್ತೆ ಖುರ್ಷೀದಬೇಗಂ ಫೋನು ಮಾಡಿದಳು. ಅವಳು ಕೈಗೆ ಸಿಕ್ಕ ಕೆಲಸವನ್ನು ಬಿಡುವ ಹೆಣ್ಣಲ್ಲ.

“ಬೇಟಾ, ಎದ್ದೇನಪ್ಪಾ? ಹಲ್ಲು ತಿಕ್ಕಿದಿ? ಯಾರಾದ್ರೂ ನಿನ್ನ ಫೋಟೊ ಕೇಳ್ಯಾರೇನು?”

ಹುಲಿಮರಿ ಬಾಯಿಗೆ ಬಂದಂತೆ ಬೈದ. ಮಗು ಆಘಾತದಲ್ಲಿದೆ ಎಂದು ದಾಖಲಾಯಿತು, ಸಾಂತ್ವನದ ಕರೆಗಳು ಹೊತ್ತಿಗೆ ಎರಡಾದವು. ಬೆಂಗಳೂರಿನವರು ಅವನ ಫೋಟೊ ಕೇಳಿದರು. ಕೈಯಲ್ಲಿ ‘ನಾನು ಸುರಕ್ಷಿತ’ ಎಂಬ ಹಲಗೆ ಹಿಡಿದದ್ದೊಂದು, ಯೋಜನೆಯ ಮೊಟ್ಟೆ ತಿನ್ನುತ್ತಿರುವುದೊಂದು. ಹಿಂದೆ ಶಾಲೆಯ ಗೋಡೆ ಕಾಣಬೇಕು. ಕಳಿಸದಿದ್ದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದು ವಿನಯದಿಂದ ಎಚ್ಚರಿಸಿದರು. ದಿಲ್ಲಿಯವರು ಪೋಲಿಯೊ ಹನಿ ಹಾಕಿಸಿದ ಪುರಾವೆ ಕೇಳಿದರು. ಸಮುದ್ರದಾಚೆಯವರಿಗೆ ಅಲ್ಲಿ ಹಗಲಾದಾಗ ಇಲ್ಲಿ ನಡುರಾತ್ರಿ. ಅವರು ಆ ಹೊತ್ತಿಗೇ ಎಬ್ಬಿಸಿ, ಈಗ ನಿನಗೆ ನೆಮ್ಮದಿಯ ನಿದ್ದೆ ಬರುತ್ತಿದೆಯೇ ಎಂದು ದುಭಾಷಿಯ ಮೂಲಕ ವಿಚಾರಿಸಿದರು. ಅವನು ಒಂದು ನಂಬರನ್ನು ತಡೆದರೆ ಮಗು ಸಂಪರ್ಕ ಕಳೆದುಕೊಂಡಿದೆ ಎಂಬ ಗಾಬರಿಯಲ್ಲಿ ಹತ್ತು ನಂಬರುಗಳು ಹುಡುಕಿಕೊಂಡು ಬರುತ್ತಿದ್ದವು. ಅವನ ಫೋನು ಬಿಸಿಯಾಗಿ ಅದರ ಮೇಲೆ ಒಂದು ರೊಟ್ಟಿ ಸುಡಬಹುದಿತ್ತೆಂದು ಅಮಾತೆಪ್ಪ ಇಂದಿಗೂ ಹೇಳುತ್ತಾನೆ. ರೊಟ್ಟಿ ತಿಂದವರೂ ಇದ್ದಾರಂತೆ.

ವಾರ ಕಳೆಯುವುದರೊಳಗೆ ಜೋಳದ ಡಬ್ಬಿಯೊಳಗಿಂದ ಟಿಣ್ ಎಂದು ಸಪ್ಪಳವಾಯಿತು. ಯಂಕಮ್ಮ ಫೋನು ತೆಗೆದು ಮಾವನ ಕೈಗೆ ಕೊಟ್ಟಳು. ಮೋನಮ್ಮ ಓದಿದಳು: “ಅಕ್ಕಾ, ನಿನ್ನ ಕಾಲು ಬೀಳತೀನಿ. ಒಂಬತ್ತನೇ ಕ್ಲಾಸು ಅಂತ ನಿನಗಷ್ಟೇ ಹೇಳಿದ್ದೆ. ಸಂಘದಾಗಿನ ನನ್ನ ಹೆಸರು ತಗಿಸು.”

“ಬರಿ ಮಗಳ,” ಅಂದ ಅಮಾತೆಪ್ಪ, “ಹೆಸರು ತಗಿಸೋದಿದ್ರ ಪಾಲಕರನ್ನ ಕರಕೊಂಡು ಖುದ್ದು ಬರಬೇಕು.”

ಸೋಮವಾರ ಅವನು ಬಂದ. ಹೆಸರು ಅಂಬ್ರಪ್ಪ, ಕಡೇಚೂರಿನ ಕಡೆ ಯಾವುದೋ ಗೋದಾಮಿನ ಮೇಸ್ತ್ರಿ. ನಲವತ್ತು ದಾಟಿದ ವಯಸ್ಸು, ಹುರಿ ಮಾಡಿದ ಮೀಸೆ. ಜೊತೆಗೆ ತಾಯಿ ಸುಂದ್ರಮ್ಮ, ಮಗನಿಗೇನೋ ಪಗಾರ ಹೆಚ್ಚಾಗುತ್ತದೆಂದು ನಂಬಿ ಹೊಸ ಸೀರೆ ಉಟ್ಟು ಬಂದಿದ್ದಳು.

ಖುರ್ಷೀದಬೇಗಂ ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದಳು. ತೂಕದ ತಕ್ಕಡಿಯ ಮುಳ್ಳು ಕೊನೆಗೆ ಹೋಗಿ ಬಡಿಯಿತು.

“ಸರ್, ಒಂಬತ್ತನೇ ಕ್ಲಾಸಿಗಿ ಬೆಳವಣಿಗಿ ಛಲೋ ಅದ.”

“ಮೊಟ್ಟಿ ಮೈಗಿ ಹತ್ಯಾವ,” ಎಂದು ಮರಿಲಿಂಗಪ್ಪ ಬರೆದುಕೊಂಡ.

“ಯಾವ ಕ್ಲಾಸ್ರೀ?” ಅಂದಳು ಸುಂದ್ರಮ್ಮ. “ಇವಾ ನಾಲ್ಕನೇ ಕ್ಲಾಸಿಗೇ ಸಾಲಿ ಬಿಟ್ಟಾನ. ಏನ್ ಮಾಡ್ಯಾನ ನನ್ನ ಮಗ?”

ಮೂಲೆಯಲ್ಲಿ ಮುತ್ಯಾನ ಪಕ್ಕ ಕೂತಿದ್ದ ಮೋನಮ್ಮ ಎದ್ದಳು. ಫೋನು ಹಿಡಿದು, ಕ್ಲಾಸಿನಲ್ಲಿ ಪಾಠ ಓದುವ ಧಾಟಿಯಲ್ಲಿ, ಹುಲಿಮರಿ ಬರೆದದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ. ಓದು ಮುಗಿಯುವಾಗ ಸುಂದ್ರಮ್ಮನ ಕಾಲಲ್ಲಿದ್ದ ಚಪ್ಪಲಿ ಕೈಗೆ ಬಂದಿತ್ತು.

“ಅವ್ವಾ, ಫಲಾನುಭವಿಗೆ ದೈಹಿಕ ಶಿಕ್ಷೆ ಕೊಡಂಗಿಲ್ಲ,” ಎಂದ ಮರಿಲಿಂಗಪ್ಪ.

“ಫಲಾನುಭವಿ ನಿಮ್ಮಾವ. ಮಗ ನನ್ನಾವ,” ಎಂದಳು ಸುಂದ್ರಮ್ಮ.

ನಿಯಮದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆದ್ದರಿಂದ ಕಾರ್ಯಕ್ರಮ ಮುಗಿಯುವವರೆಗೆ ಮರಿಲಿಂಗಪ್ಪ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

“ಈಗರೇ ಇವನ್ನ ಠಾಣಿಗಿ ಒಯ್ಯೋಣ್ರಿ,” ಅಂದ ಅಮಾತೆಪ್ಪ.

“ಬರಂಗಿಲ್ಲ ಕಾಕಾ. ನಮ್ಮ ಕಾಗದದಾಗ ಇವಾ ಮಗು. ಮಗುವಿನ ಗುರುತು ಹೊರಗ ಬಿಡಬಾರದು. ಹೆಸರು ತಗಿಯಾಕೂ ಬರಂಗಿಲ್ಲ, ಕಂತು ಮಂಜೂರು ಆಗ್ಯಾದ. ಸಂರಕ್ಷಣಾ ಮುಂದುವರಿಸಬೇಕು.”

“ಎಷ್ಟು ದಿನ?”

“ಒಂಬತ್ತನೇ ಕ್ಲಾಸು ಪಾಸ್ ಆಗೋತನಕ.”

ಅಂಬ್ರಪ್ಪ ಕೆನ್ನೆ ಒತ್ತಿಕೊಂಡು ಅತ್ತ. ಅದು ಸಂತೋಷದ ಕಣ್ಣೀರೆಂದು ಬೆಂಗಳೂರಿಗೆ ಫೋಟೊ ಹೋಯಿತು. ಅವನ ಫೋನು ಅಂದಿನಿಂದ ತಾಯಿಯ ಸೆರಗಿನ ಗಂಟಿನಲ್ಲಿದೆ. ಪ್ರತಿ ಸೋಮವಾರ ಅವಳೇ ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ಬರುತ್ತಾಳೆ. ಅವನು ಮೊಟ್ಟೆ ತಿಂದು, ಖುರ್ಷೀದಬೇಗಂ ಎದುರು ಕೈಕಟ್ಟಿ ನಿಂತು, ನಾನು ಯಾರ ಫೋಟೊವನ್ನೂ ಕೇಳುವುದಿಲ್ಲ ಎಂದು ಹೇಳಿ ಹೋಗುತ್ತಾನೆ.

ಮೋನಮ್ಮ ಮರುದಿನವೇ ಶಾಲೆಗೆ ಹೋದಳು. ಯಂಕಮ್ಮ ತಾನೇ ಫೋನಿನ ಮೇಲಿನ ಜೋಳದ ಧೂಳು ಊದಿ ಮಗಳ ಕೈಗಿಟ್ಟಳು. ಹತ್ತಿ ಹೊಲದ ಕಳೆ ತಾನಾಗಿಯೇ ಬೆಳೆಯಿತು, ಅದನ್ನು ತಾಯಿಯೇ ತೆಗೆದಳು.

ಆದರೆ ವಿಷಯ ಕಾಲುವೆಗುಂಟ ಹರಿದಿತ್ತು. ಮೋನಮ್ಮನ ಕ್ಲಾಸಿನ ಹುಡುಗಿಯೊಬ್ಬಳು ಒಂದು ಸಂಜೆ ಬಂದು, ಹಳೆಯ ಗೇಟಿನ ಹತ್ತಿರ ಕೂತಿದ್ದ ಅಮಾತೆಪ್ಪನ ಕೈಗೆ ಒಂದು ಚೀಟಿ ಕೊಟ್ಟಳು. ಅದರಲ್ಲಿ ಒಂದು ನಂಬರಿತ್ತು. ಮರುದಿನ ಇನ್ನಿಬ್ಬರು ಬಂದರು. ಶಹಾಪುರದ ಕಡೆಯಿಂದ ಒಬ್ಬ ಅಜ್ಜಿ ಬಸ್ಸು ಹಿಡಿದು ಬಂದಳು. ಇಷ್ಟು ದಿನ ಎಲ್ಲ ಮನೆಯ ಜೋಳದ ಡಬ್ಬಿಗಳಲ್ಲೂ ಫೋನುಗಳು ಹೂತುಕೊಂಡಿದ್ದವು ಎಂಬುದು ಆಗ ತಿಳಿಯಿತು. ಅಮಾತೆಪ್ಪ ಯಾರನ್ನೂ ಏನೂ ಕೇಳಲಿಲ್ಲ. ಚೀಟಿಗಳನ್ನು ರುಮಾಲಿನ ತುದಿಗೆ ಕಟ್ಟಿಕೊಂಡು ಹೋಗಿ ಮರಿಲಿಂಗಪ್ಪನ ಮುಂದೆ ಬಿಚ್ಚಿದ.

“ಎಲ್ಲಾ ಒಂಬತ್ತನೇ ಕ್ಲಾಸಾ?”

“ತಾವೇ ಬರದಾರ್ರಿ.”

ಈಗ ಸಂಘಕ್ಕೆ ಇನ್ನೂ ಮೂವರು ಪಾಲುದಾರರು ಸೇರಿದ್ದಾರೆ. ಸೋಮವಾರ ಬಂತೆಂದರೆ ಸುರಪುರದ ಬಸ್‌ಸ್ಟ್ಯಾಂಡಿನಿಂದ ಸಂಘದವರೆಗೆ ಫಲಾನುಭವಿಗಳು ತಮ್ಮ ತಮ್ಮ ತಾಯಂದಿರ ಹಿಂದೆ ತಲೆ ಬಗ್ಗಿಸಿ ಸಾಲಾಗಿ ನಡೆಯುತ್ತಾರೆ. ಇಬ್ಬರು ತಮ್ಮ ಹೆಂಡಂದಿರ ಹಿಂದೆ. ಮೊನ್ನೆ ಸಮುದ್ರದಾಚೆಯವರು ಈ ಮೆರವಣಿಗೆಯ ಚಿತ್ರ ನೋಡಿ, ಮಕ್ಕಳ ಶಿಸ್ತನ್ನು ಬಹಳ ಮೆಚ್ಚಿಕೊಂಡು, ಇನ್ನೇನಾದರೂ ಕೊರತೆ ಇದೆಯೇ ಎಂದು ಕೇಳಿದರು. ಸಂಘವು ಸಭೆ ಸೇರಿ ಚರ್ಚಿಸಿ, ಈ ವರ್ಷದಿಂದ ಪ್ರತಿ ಮಗುವಿಗೆ ಶಾಲಾ ಚೀಲದ ಜೊತೆ ಒಂದು ಪೊಟ್ಟಣ ಗಡ್ಡದ ಬ್ಲೇಡು ಕೊಡಬೇಕೆಂದು ಠರಾವು ಮಾಡಿತು. ಪಾಲುದಾರರೆಲ್ಲರೂ ಒಪ್ಪಿದರು. ದಿಲ್ಲಿಯವರು ಮಾತ್ರ ಒಂದು ಟಿಪ್ಪಣಿ ಸೇರಿಸಿದ್ದಾರೆ: ಬ್ಲೇಡನ್ನು ದೊಡ್ಡವರ ಸಮ್ಮುಖದಲ್ಲಿ ಮಾತ್ರ ಬಳಸತಕ್ಕದ್ದು.