ಬೀಗರ ಎಲೆಗೆ ಇಂಗ್ಲಿಷ್ ಗಂಟು

ಹಸಿವಿನಿಂದ ಬರುವ ಸಿಟ್ಟು ಒಂದು ತರಹದ್ದು, ಅವಮಾನದಿಂದ ಬರುವ ಸಿಟ್ಟು ಇನ್ನೊಂದು ತರಹದ್ದು. ಮೊದಲನೆಯದು ಎರಡು ರೊಟ್ಟಿ ಒಳಗೆ ಹೋದರೆ ತಣ್ಣಗಾಗುತ್ತದೆ. ಎರಡನೆಯದಕ್ಕೆ ಔಷಧವಿಲ್ಲ. ಎರಡೂ ಒಟ್ಟಿಗೆ, ಹೋಳಿಗೆ ಬಡಿಸಿದ ಎಲೆಯ ಮುಂದೆ, ಹೊಸದಾಗಿ ಮಗಳನ್ನು ಕೊಟ್ಟ ಮನೆಯವರ ಎದುರಿಗೆ ಬಂದರೆ ಮನುಷ್ಯ ಏನೇನು ಮಾತಾಡಿಬಿಡುತ್ತಾನೆ ಎಂಬುದು ಈಗ ನನಗೆ ಗೊತ್ತಾಗಿದೆ. ಇದಕ್ಕೆಲ್ಲ ಮೂಲ ಇಂಗ್ಲಿಷಿನ ಒಗಟು. ಆ ಜಾತಿಯ ಒಗಟುಗಳ ಮೇಲೆ ನನಗಿರುವ ಸಿಟ್ಟನ್ನು ನಾನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ 'ಜಾಣರಾದರೆ ಉತ್ತರ ಹೇಳಿ' ಎಂದು ಮೊಬೈಲಿಗೆ ಒಗಟು ಕಳಿಸುವ ಇಬ್ಬರು ಹಳೆಯ ಗೆಳೆಯರ ಜೊತೆ ಮಾತು ಬಿಟ್ಟಿದ್ದೇನೆ.

ಅದು ಎಂಥ ಮೋಸ ನೋಡಿ. 'ನಿಮಿಷಕ್ಕೆ ಒಮ್ಮೆ ಬರುತ್ತದೆ, ಕ್ಷಣದಲ್ಲಿ ಎರಡು ಸಲ ಬರುತ್ತದೆ, ಸಾವಿರ ವರ್ಷದಲ್ಲಿ ಒಮ್ಮೆಯೂ ಬರುವುದಿಲ್ಲ, ಏನದು?' ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಎಷ್ಟು ಗಂಭೀರವಾದ ಪ್ರಶ್ನೆ! ಸ್ನಾನ ಮಾಡುವಾಗ ಯೋಚಿಸಿದೆ, ಪೂಜೆಗೆ ಕೂತಾಗ ಯೋಚಿಸಿದೆ, ಪೇಟೆಯಲ್ಲಿ ಬದನೆಕಾಯಿ ಆರಿಸುವಾಗ ಯೋಚಿಸಿ ಎರಡು ಹುಳುಕು ಬದನೆಕಾಯಿ ತಂದೆ. ಆಸೆಯೋ? ಉಸಿರೋ? ಕೊನೆಗೆ ವೈರಾಗ್ಯ ಎಂದು ಉತ್ತರ ಕಳಿಸಿದೆ. ಸಂಜೆ ಸರಿಯುತ್ತರ ಬಂತು. ಮಿನಿಟ್, ಮೊಮೆಂಟ್ ಎಂಬ ಇಂಗ್ಲಿಷ್ ಪದಗಳಲ್ಲಿ ಬರುವ 'ಎಂ' ಎಂಬ ಅಕ್ಷರವಂತೆ! ಒಬ್ಬ ಗೃಹಸ್ಥನ ಇಡೀ ದಿನ ಹಾಳುಮಾಡಿ, ಅವನಿಂದ ವೈರಾಗ್ಯದ ಮಾತಾಡಿಸಿ, ಕೊನೆಗೆ ಕೈಗೆ ಒಂದು ಅಕ್ಷರ ಕೊಟ್ಟು ಕಳಿಸುವುದು ಯಾವ ನ್ಯಾಯ? ನಮ್ಮ ಒಗಟು ಒಡೆದರೆ ಒಂದು ಈರುಳ್ಳಿಯೋ ತೆಂಗಿನಕಾಯಿಯೋ ಸಿಗುತ್ತದೆ. ಸಾರಿಗಾದರೂ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ವಿಷಯವನ್ನೂ ಹೇಳಬೇಕು, ನಗುವವರು ನಗಲಿ. ನಾನು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಕಲಿಸಿದೆ ಎಂದರೆ, ಪಾಠದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಓದುವುದು, ಅದನ್ನೇ ಕನ್ನಡದಲ್ಲಿ ಹೇಳುವುದು, ಕೊನೆಗೆ ಪ್ರಶ್ನೋತ್ತರ ಬರೆಸುವುದು. ಪ್ರಶ್ನೆ ಇದ್ದ ಕಡೆ ಉತ್ತರವೂ ಇರಬೇಕು, ಅದರ ಕೆಳಗೆ ಗೆರೆಯನ್ನೂ ಎಳೆದಿರಬೇಕು. ನನ್ನ ವಿದ್ಯೆ ಅಂಥದ್ದು. ಒಮ್ಮೆ ಕಮಲಾಪುರದಿಂದ ಬರುತ್ತಿದ್ದ ಒಬ್ಬ ಹುಡುಗಿ ತರಗತಿಯಲ್ಲಿ ಎದ್ದು ನಿಂತಳು. ಅವಳ ತಾಯಿ ಹಂಪಿಯಲ್ಲಿ ಎಳನೀರು ಮಾರುತ್ತಿದ್ದಳು. ಅಲ್ಲಿ ಯಾರೋ ವಿದೇಶಿ ಹೆಂಗಸು ಇವಳಿಗೆ ಒಂದು ಒಗಟು ಹೇಳಿ ಹೋಗಿದ್ದಳಂತೆ. 'ಸರ್, ಬ್ಯಾರೇದನ್ನ ಒಣಗಿಸಿದಷ್ಟೂ ತಾನು ಹಸಿ ಆಗೋದು ಏನ್ರಿ?' ಎಂದಳು. ನಾನು ಗಡಿಯಾರ ನೋಡಿ, 'ಸಿಲಬಸ್‌ನಾಗ ಇಲ್ಲ, ಕುಂದ್ರು' ಅಂದೆ. ಆಮೇಲೆ ಸ್ಟಾಫ್ ರೂಮಿಗೆ ಬಂದು ಮುಖ ತೊಳೆದು, ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಅದೇನಿರಬಹುದು ಎಂದು ಬಹಳ ಹೊತ್ತು ಯೋಚಿಸಿದೆ. ಉತ್ತರ ಟವೆಲ್ಲೇ ಎಂಬುದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಆದರೆ ಮನೆಯಲ್ಲಿ ಮಾತ್ರ ನಾನು ಇಂಗ್ಲಿಷಿನ ಹುಲಿ. ಹೆಂಡತಿ 'ಕರೆಂಟ್ ಹೋತು' ಎಂದರೆ 'ಪವರ್ ಫೇಲ್ಯೂರ್ ಅನ್ನು' ಎಂದು ಕತ್ತಲಲ್ಲೇ ತಿದ್ದುತ್ತಿದ್ದೆ. ರಜೆಯಲ್ಲಿ ಮೆಟ್ರಿಯಿಂದ ನಮ್ಮ ಸೋದರತ್ತೆ ಈರಮ್ಮ ಬಂದು ನನ್ನ ಮಗಳು ಶೈಲಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಗಟು ಹೇಳತೊಡಗಿದರೆ, 'ಅತ್ತೀ, ಹಳ್ಳಿ ಮಾತು ಕಲಿಸಬ್ಯಾಡ, ಅದರ ಇಂಗ್ಲಿಷ್ ಕೆಡತೈತಿ' ಎಂದು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದೆ. ಈರಮ್ಮತ್ತೆ ಸುಮ್ಮನೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ. ಒಗಟು ಎಷ್ಟು ಬರುತ್ತವೆ ಎಂಬುದನ್ನು ಎಣಿಸಿದವರಿಲ್ಲ.

ಆ ಶೈಲಾಳನ್ನು ದೋಣಿಮಲೈಗೆ ಮದುವೆ ಮಾಡಿಕೊಟ್ಟೆವು. ಬೀಗರು ವೀರಭದ್ರಪ್ಪನವರು ಅಲ್ಲಿನ ಗಣಿಯಲ್ಲಿ ಫೋರ್‌ಮನ್. ವಾಸ ಕಂಪನಿ ಕ್ವಾರ್ಟರ್ಸಿನಲ್ಲಿ. ಮದುವೆಯಾದ ಮರುವಾರ ಅಲ್ಲಿಯ ಸಮುದಾಯ ಭವನದಲ್ಲಿ ಬೀಗರ ಊಟಕ್ಕೆ ಕರೆದರು. ಮಿನಿ ಬಸ್ಸೊಂದನ್ನು ಮಾಡಿಕೊಂಡು ಸಂಡೂರಿನ ಮೇಲೆ ಹೊರಟೆವು. ನನ್ನ ಸ್ವಭಾವ ಬಲ್ಲ ಹೆಂಡತಿ ದಾರಿಯಲ್ಲೇ ಎಚ್ಚರಿಕೆ ಕೊಟ್ಟಳು: 'ರೀ, ಮೊದಲ್ನೇ ಸಲ ಹೊಂಟೀವಿ. ಮಗಳು ಅಲ್ಲಿ ಬಾಳ್ವಿ ಮಾಡಬೇಕು. ಸಿಟ್ಟು ಬಸ್ಸಿನ್ಯಾಗ ಬಿಟ್ಟು ಇಳೀರಿ.' ನಾನು ಆಗಲಿ ಎಂದೆ. ಇಳಿಯುವಾಗ ಛತ್ರಿಯನ್ನು ಬಿಟ್ಟು ಇಳಿದೆನೇ ಹೊರತು ಸಿಟ್ಟನ್ನಲ್ಲ.

ನಮ್ಮಲ್ಲಿ ಬೀಗರು ಊಟಕ್ಕೆ ಕೂತಾಗ ಎಲೆ ಕಟ್ಟುವುದು ಎಂದು ಒಂದು ಪದ್ಧತಿಯಿದೆ. ಎಲ್ಲ ಬಡಿಸಿಯಾದ ಮೇಲೆ, ಬಂದವರು ಕೈ ಹಾಕುವ ಮೊದಲು, ಕರೆದ ಮನೆಯ ಹೆಣ್ಣುಮಕ್ಕಳು ಒಂದು ಒಗಟು ಹಾಕುತ್ತಾರೆ. ಒಗಟು ಹಾಕಿದರೆ ಎಲೆ ಕಟ್ಟಿದ ಹಾಗೆ, ಅದನ್ನು ಒಡೆದರೆ ಎಲೆ ಬಿಚ್ಚಿದ ಹಾಗೆ. ಅಲ್ಲಿಯವರೆಗೆ ಪಂಕ್ತಿಯಲ್ಲಿ ಯಾರೂ ತುತ್ತು ಮುಟ್ಟುವಂತಿಲ್ಲ. ಒಡೆಯಲಾಗದಿದ್ದರೆ ಹಿರಿಯ ಬೀಗ 'ಸೋತೆ' ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲರೂ ನಕ್ಕು ಬಿಟ್ಟುಕೊಡುತ್ತಾರೆ. ಈರಮ್ಮತ್ತೆ ಮಂಡಿನೋವು ಮರೆತು ಬಸ್ಸು ಹತ್ತಿದ್ದೇ ಇದಕ್ಕಾಗಿ. 'ಎಷ್ಟಾರ ಕಟ್ಟಲಿ, ನಾ ಬಿಚ್ಚತೀನಿ. ನೀವು ಚಿಂತಿ ಬಿಟ್ಟು ಉಣ್ರಿ' ಎಂದು ಎಲ್ಲರಿಗೂ ಧೈರ್ಯ ಹೇಳಿದ್ದಳು.

ಊಟಕ್ಕೆ ಕೂತೆವು. ಎಣ್ಣೆಗಾಯಿ, ಕೋಸಂಬರಿ, ಹೋಳಿಗೆ, ಹೋಳಿಗೆಯ ಮೇಲೆ ಬಿಸಿ ತುಪ್ಪ. ಅಷ್ಟರಲ್ಲಿ ಅಳಿಯನ ತಂಗಿ ಕಾವ್ಯಾ ಒಂದು ಚೀಟಿ ಹಿಡಿದುಕೊಂಡು ಪಂಕ್ತಿಯ ನಡುವೆ ಬಂದು ನಿಂತಳು. ಅಲ್ಲಿಯ ಶಾಲೆಯಲ್ಲೇ ಟೀಚರ್ ಅವಳು. 'ಮಾವಾರ, ರೆಡಿ ಏನ್ರಿ?' ಎಂದು ನಕ್ಕು, ಚೀಟಿ ನೋಡಿ ಓದಿದಳು: 'ವಾಟ್ ಹ್ಯಾಸ್ ಮೆನಿ ಕೀಸ್, ಬಟ್ ಕಾಂಟ್ ಓಪನ್ ಎ ಸಿಂಗಲ್ ಲಾಕ್?'

ಈರಮ್ಮತ್ತೆಯ ಮುಖ ಬಾಡಿತು. 'ಏನಂದ್ಲೋ ತಮ್ಮಾ?' ಎಂದು ನನ್ನ ಕಡೆ ವಾಲಿದಳು. ಒಂದು ಸಾಲು ಇಂಗ್ಲಿಷ್ ಸಿಕ್ಕಿದರೆ ಕನ್ನಡದಲ್ಲಿ ಹೇಳುವುದು ನನ್ನ ಕಸುಬು. 'ಕೀಲಿಕೈ ಭಾಳ ಅದಾವಂತ, ಒಂದು ಕೀಲೀನೂ ತೆಗಿಯಾಕ ಬರಂಗಿಲ್ಲಂತ, ಏನದು ಅಂತ ಕೇಳ್ತಾಳ' ಅಂದೆ. ಅತ್ತೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಳು: 'ಹೊಸಾ ಸೊಸಿ ನಡ! ಕೀಲಿಕೈ ಗೊಂಚಲ ಸೊಂಟಕ್ಕ ಸಿಗಿಸಿರ್ತಾರ, ತಿಜೋರಿ ಮಾತ್ರ ಅತ್ತೀನ ತೆಗೀತಾಳ!' ಇಡೀ ಭವನ ನಕ್ಕಿತು. ಬೀಗಿತ್ತಿಯೂ ಸೆರಗು ಅಡ್ಡ ಹಿಡಿದು ನಕ್ಕರು. ಅದಕ್ಕಿಂತ ಒಳ್ಳೆಯ ಉತ್ತರ ಭೂಮಿಯ ಮೇಲೆ ಇರುವುದು ಸಾಧ್ಯವೇ? ಆದರೆ ಕಾವ್ಯಾ ಚೀಟಿ ನೋಡಿ, 'ಮಸ್ತ್ ಐತಿ ಅಜ್ಜಿ, ಆದ್ರ ಇಲ್ಲಿ ಬ್ಯಾರೆ ಬರದೈತಿ' ಎಂದುಬಿಟ್ಟಳು. ಅಲ್ಲಿಂದ ನನ್ನ ಸಿಟ್ಟು ಶುರುವಾಯಿತು.

'ಮಾಸ್ತರ ಅದಾರಲ್ಲ, ಹೇಳ್ತಾರ ಬಿಡ್ರಿ' ಎಂದರು ಬೀಗರು. ಎಲ್ಲರೂ ನನ್ನ ಕಡೆ ತಿರುಗಿದರು. ತುಕ್ಕು ಹಿಡಿದ ಕೀಲಿಕೈ ಎಂದೆ. ಅಲ್ಲವಂತೆ. ಕೀಲಿ ರಿಪೇರಿಯವನ ಪೆಟ್ಟಿಗೆ ಎಂದೆ. ಅಲ್ಲವಂತೆ. ಪರೀಕ್ಷೆಯ ಸರಿಯುತ್ತರದ ಪಟ್ಟಿಗೂ ಕೀ ಎನ್ನುತ್ತಾರೆ ಎಂಬುದು ನೆನಪಾಗಿ ಉಬ್ಬಿಹೋಗಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರ ಎಂದೆ. ಅದು ಏನೆಂದು ಅವರಿಗೇ ತಿಳಿಯಲಿಲ್ಲ. ತುಪ್ಪ ಹೋಳಿಗೆಯ ಮೇಲೆ ಬೆಳ್ಳಗೆ ಗಟ್ಟಿಯಾಗತೊಡಗಿತು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ತಮ್ಮ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶರಣಪ್ಪ, ಸಕ್ಕರೆ ಕಾಯಿಲೆಯವನು. 'ಭಾವಾರ, ಸೂಜಿ ತಗೊಂಡು ಕುಂತೀನ್ರಿ, ಜಲ್ದಿ ಉಣ್ಣಬೇಕು. ಸೋತೆ ಅಂದುಬಿಡ್ರಿ' ಎಂದು ಪಿಸುಗುಟ್ಟಿದ. ಪಕ್ಕದಲ್ಲೇ ಇದ್ದ ಈರಮ್ಮತ್ತೆ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಅವನಿಗೆ ಕೊಟ್ಟಳು. ಎಲೆಗೆ ಹಾಕಿದ ಕಟ್ಟು ಚೀಲದ ಹಣ್ಣಿಗೆ ತಾಗುವುದಿಲ್ಲವಂತೆ. ಆಮೇಲೆ ನನಗೆ ಹೇಳಿದಳು: 'ತಮ್ಮಾ, ತಿಳೀಲಿಲ್ಲ ಅಂದ್ರ ಸೋತೆ ಅನ್ನು. ನಾನು ಎಷ್ಟ ಸಲ ಅಂದೀನಿ. ಬಾಯೇನ ಹುಣ್ಣ ಆಗಂಗಿಲ್ಲ.'

ಅವಳಿಗೇನು, ಅವಳು ಒಗಟಿನಲ್ಲಿ ಸೋಲುತ್ತಾಳೆ. ನಾನು ಸೋತರೆ ಮೂವತ್ತೆರಡು ವರ್ಷದ ಇಂಗ್ಲಿಷ್ ಸೋಲುತ್ತದೆ. ಆ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಇಬ್ಬರು ಕೂತಿದ್ದರು, ತಲೆ ತಗ್ಗಿಸಿಕೊಂಡು ಕೋಸಂಬರಿಯನ್ನೇ ನೋಡುತ್ತಿದ್ದರು. ಅವರು ನಗು ತಡೆಯುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹೊಟ್ಟೆಯ ಬೆಂಕಿಯೂ ಮಾನದ ಬೆಂಕಿಯೂ ಕೂಡಿ ನೆತ್ತಿಗೇರಿ, ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. ಬಡಿಸಿದ ಎಲೆಯ ಮುಂದಿನಿಂದ ಉಣ್ಣದೆ ಏಳುವುದು ಕರೆದವರಿಗೆ ಮಾಡುವ ದೊಡ್ಡ ಅವಮಾನ. ಹೆಂಡತಿ ನನ್ನ ಪಂಚೆಯ ಚುಂಗು ಹಿಡಿದು ಎಳೆದಳು. ನಾನು ಕೇಳಲಿಲ್ಲ.

'ಇದು ಕನ್ನಡದವರ ಪದ್ಧತಿ ಏನ್ರಿ?' ಎಂದು ಗುಡುಗಿದೆ. 'ನಮ್ಮ ಹಿರೇರು ಒಗಟು ಹಾಕ್ತಿದ್ರು, ಅದರಾಗ ಒಂದು ಅರ್ಥ ಇರ್ತಿತ್ತು. ಅದನ್ನ ತಗದು ಇಂಗ್ಲಿಷ್ ತಂದು ಎಲಿ ಮ್ಯಾಲೆ ಸುರೀತೀರಲ್ಲ, ನಾಚಿಕಿ ಬ್ಯಾಡೇನು? ವಯಸ್ಸಾದಾಕಿ ಮೆಟ್ರಿಯಿಂದ ಇದಕ್ಕಂತ ಬಂದಾಳ, ಆಕಿ ಬಾಯಿ ಕಟ್ಟಿದಂಗ ಆತು! ಯಾರ್ದಿದು ಕೆಲಸ? ಬುದ್ಧಿ ಇದ್ದವರು ಮಾಡೋ ಕೆಲಸ ಅಲ್ಲ ಇದು! ಚೀಟಿ ಬರದವರು ಯಾರು, ಮುಂದ ಬರ್ಲಿ!' ಇಂಗ್ಲಿಷಿನ ಅನ್ನವನ್ನೇ ಜೀವಮಾನವಿಡೀ ಉಂಡವನು ಅಷ್ಟು ಜೋರಾಗಿ ಕನ್ನಡದ ಪರ ಮಾತಾಡಿದ್ದು ಅದೇ ಮೊದಲು. ಕಾವ್ಯಾಳ ಕಣ್ಣಲ್ಲಿ ನೀರು ಬಂತು. ಬೀಗರು ಎರಡೂ ಕೈ ಜೋಡಿಸಿ, 'ಮಾಸ್ತರ, ತಪ್ಪಾತ್ರಿ, ಕುಂದ್ರಿ' ಎಂದರು.

ಆಗ ಅಡುಗೆಮನೆಯ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ನನ್ನ ಮಗಳು ಶೈಲಾ ಮುಂದೆ ಬಂದಳು. 'ನಾನ ಅಪ್ಪಾ' ಎಂದಳು.

ಅವಳು ಹತ್ತಿರ ಬಂದು, ಸಣ್ಣ ದನಿಯಲ್ಲಿ ಹೇಳಿದಳು. ಆದರೆ ಭವನ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಎಲ್ಲರಿಗೂ ಕೇಳಿಸಿತು. 'ಇವರು ಕನ್ನಡ ಒಗಟನ್ನ ತಯಾರ ಮಾಡಿದ್ರು. ನಿಮಗ ಅವು ಒಂದೂ ಬರಂಗಿಲ್ಲ ಅಂತ ನನಗ ಗೊತ್ತಲ್ಲಪ್ಪಾ. ಈರಮ್ಮಜ್ಜಿ ಒಡೀತಾಳ, ನಿಮ್ಮ ಮಾತು ಯಾರೂ ಕೇಳಂಗಿಲ್ಲ. ನಮ್ಮಪ್ಪ ಇಂಗ್ಲಿಷ್ ಮಾಸ್ತರ ಅಂತ ಇಲ್ಲಿ ಎಲ್ಲಾರ ಮುಂದ ಹೇಳಿಬಿಟ್ಟೀನಿ. ಅದಕ್ಕ ಸಣ್ಣ ಹುಡುಗ್ರ ಪುಸ್ತಕದಾಗಿಂದ ಭಾಳ ಸರಳ ಒಂದನ್ನ ಹುಡುಕಿ ಕಾವ್ಯಾಗ ಬರಕೊಟ್ಟೆ. ನೀವು ಥಟ್ಟನ ಹೇಳ್ತೀರಿ, ಎಲ್ಲಾರೂ ಚಪ್ಪಾಳಿ ಹೊಡೀತಾರ ಅಂದ್ಕೊಂಡಿದ್ದೆ.'

ನಾನು ಕೂತೆ. 'ಸೋತೆನವ್ವಾ' ಎಂದೆ. ಬಾಯೇನೂ ಹುಣ್ಣಾಗಲಿಲ್ಲ. ಕಾವ್ಯಾಳಿಗೆ ಕೈ ಮುಗಿದೆ. ಪಾಪ, ಆ ಹುಡುಗಿ ಮೂಗು ಒರೆಸಿಕೊಂಡು ಉತ್ತರ ಹೇಳಿದಳು: ಪಿಯಾನೋ. ಅದರ ಮೇಲೆ ಬೆರಳಿಟ್ಟು ಒತ್ತುವ ಬಿಳಿ, ಕರಿ ಪಟ್ಟಿಗಳಿಗೂ ಇಂಗ್ಲಿಷಿನಲ್ಲಿ ಕೀ ಎನ್ನುತ್ತಾರಂತೆ. ಹೊಸಪೇಟೆಯಿಂದ ಕಂಪ್ಲಿಯ ತನಕ ಯಾರ ಪಡಸಾಲೆಯಲ್ಲಿದೆ ಸ್ವಾಮಿ ಪಿಯಾನೋ? ಕೇಳಬೇಕೆನಿಸಿತು. ಹೆಂಡತಿಯ ಮುಖ ನೋಡಿ ಹೋಳಿಗೆ ಮುರಿದೆ.

ಅಲ್ಲಿಗೆ ಮುಗಿಸಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಎರಡು ಹೋಳಿಗೆ ಒಳಗೆ ಹೋದ ಮೇಲೆ ನನಗೆ ಮತ್ತೆ ಧೈರ್ಯ ಬಂತು. ಮಗಳು ಎಲ್ಲರೆದುರು 'ನಿಮಗ ಕನ್ನಡದವು ಬರಂಗಿಲ್ಲ' ಎಂದಳಲ್ಲ, ಅದು ಒಳಗೆ ಚುಚ್ಚುತ್ತಿತ್ತು. 'ಬೀಗರ, ನೀವು ಮೊದಲು ಮಾಡಿಟ್ಟಿದ್ದ ಕನ್ನಡ ಒಗಟನ್ನೂ ಹಾಕ್ರಿ, ನೋಡೂಣು' ಅಂದೆ. ಬೀಗಿತ್ತಿ ಬಾಗಿಲ ಮರೆಯಿಂದಲೇ ರಾಗವಾಗಿ ಹೇಳಿದರು: 'ತ್ವಾಟದಾಗ ನಿಂತಾಳ, ಮನ್ಯಾಗ ಮಲಗ್ಯಾಳ, ಬೀಗರು ಎದ್ದ ಮ್ಯಾಲ ಮಡಚಿಗೊಂಡಾಳ, ಯಾರಾಕಿ?'

ನಾನು ಕೈ ತಡೆದು ಯೋಚಿಸಿದೆ. ತೊಲೆ ನೋಡಿದೆ, ಫ್ಯಾನು ನೋಡಿದೆ, ಬಾಗಿಲ ಹೊರಗಿನ ಕೆಂಪು ಗುಡ್ಡ ನೋಡಿದೆ. ಚಾಪೆ ಎಂದೆ, ಚಾಪೆ ತೋಟದಲ್ಲಿ ನಿಲ್ಲುವುದಿಲ್ಲ ಎಂದರು. ಈರಮ್ಮತ್ತೆ ಬಾಯಿಗೆ ಸೆರಗು ತುರುಕಿಕೊಂಡು ತಡೆದುಕೊಳ್ಳುತ್ತಿದ್ದಳು. ನನ್ನ ಮೇಲಿನ ಪ್ರೀತಿಗೆ ಅಷ್ಟು ಹೊತ್ತು ತಡೆದಳು. ಕೊನೆಗೆ ತಾಳಲಾರದೆ, 'ಮ್ಯಾಲೇನ ನೋಡ್ತೀಯೋ ಖೋಡಿ, ಕೆಳಗ ನೋಡು! ಅದರ ಮ್ಯಾಲೆ ಉಣ್ಣಾಕತ್ತೀದಿ!' ಎಂದಳು. ನಾನು ಕೆಳಗೆ ನೋಡಿದೆ. ಬಾಳೆಯೆಲೆ.

ವಾಪಸ್ಸು ಬರುವಾಗ ಎಲ್ಲರೂ ನಗುತ್ತ ಹಾಡುತ್ತ ಇದ್ದರು. ನಾನೊಬ್ಬನೇ ಮುಖ ಬಿಗಿದುಕೊಂಡು ಕೂತಿದ್ದೆ. 'ಇನ್ನೂ ಯಾರ ಮ್ಯಾಲ್ರಿ ಸಿಟ್ಟು?' ಎಂದಳು ಹೆಂಡತಿ. 'ಪಿಯಾನೋ ಮ್ಯಾಲೆ' ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಸುಳ್ಳು ಹೇಳಿದ್ದೆ. ಅಪ್ಪ ಕನ್ನಡದಲ್ಲಿ ದಡ್ಡ ಎಂಬುದನ್ನು ನನ್ನ ಮಗಳು ಸರಿಯಾಗಿಯೇ ತಿಳಿದುಕೊಂಡಿದ್ದಾಳೆ. ಅವಳು ತಪ್ಪು ತಿಳಿದದ್ದು ಇಂಗ್ಲಿಷಿನ ವಿಷಯದಲ್ಲಿ ಮಾತ್ರ. ಅದನ್ನು ಅವಳಿಗೆ ಚಿಕ್ಕಂದಿನಿಂದ ಬಾಯಿಪಾಠ ಮಾಡಿಸಿದ ಮಾಸ್ತರ ನಾನೇ.