ವರ್ನನ್‌ಗೆ ಗುಂಡು ತಾಗಬಾರದು

ಭಾನುವಾರದ ಊಟಕ್ಕೆ ಕೂತಾಗ ಎಮೆಟ್ ಬಾಯಿ ಮುಚ್ಚಿಕೊಂಡು ಆಲೂಗಡ್ಡೆ ತಿಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಮಾವ ಹಾರ್ಲನ್ ಎಂದಿನಂತೆ ತಮ್ಮ ಪಿಸ್ತೂಲು ಕ್ಲಬ್ಬಿನ ಪುರಾಣ ಬಿಚ್ಚಿದ್ದರು. ಹೊತ್ತು ಅಳೆಯುವ ಯಂತ್ರ ಬೀಪ್ ಅಂದ ಕೂಡಲೇ ಪಿಸ್ತೂಲು ಸೆಳೆದು, ಗೋಡೆಯ ಮರೆಯಿಂದ ರಟ್ಟಿನ ಕಳ್ಳರನ್ನು ಹೇಗೆ ಹೊಡೆಯಬೇಕು ಎಂಬುದನ್ನು ಚಮಚ ಹಿಡಿದು ತೋರಿಸುತ್ತಿದ್ದರು. ಎಮೆಟ್‌ನ ನಾಲಿಗೆ ಸುಮ್ಮನಿರಲಿಲ್ಲ.

"ರಟ್ಟಿನ ಕಳ್ಳ ತಿರುಗಿ ಹೊಡೆಯೋದಿಲ್ವಲ್ಲ ಮಾವ, ಅದರಲ್ಲೇನು ಮಹಾ?" ಅಂದುಬಿಟ್ಟ.

ಮಾವ ಚಮಚ ಕೆಳಗಿಟ್ಟರು.

"ಹಾಗಾದ್ರೆ ಶನಿವಾರ ಬಂದುಬಿಡು, ಹಾಸಿಗೆ," ಅಂದರು ಹಾರ್ಲನ್.

ಹಾಸಿಗೆ ಅನ್ನುವುದು ಎಮೆಟ್‌ನ ಹೆಸರಲ್ಲ, ಕಸುಬು. ಓಹಾಯೋದ ಆ ಸಣ್ಣ ಊರಿನಲ್ಲಿ ಸ್ಪ್ರಿಂಗ್ ಹಾಸಿಗೆ ಮಾರುವ ಅಂಗಡಿಯಲ್ಲಿ ಅವನು ಹದಿನಾಲ್ಕು ವರ್ಷದಿಂದ ಇದ್ದ. ಮೂವತ್ತು ವರ್ಷ ಕೌಂಟಿ ಪೊಲೀಸಿನಲ್ಲಿದ್ದ ಹಾರ್ಲನ್‌ಗೆ ಅದು ಗಂಡಸು ಮಾಡುವ ಕೆಲಸವಾಗಿ ಕಂಡಿರಲಿಲ್ಲ. ಮದುವೆಯ ದಿನ ಚರ್ಚಿನಲ್ಲೂ ನೆಂಟರಿಗೆ "ಇವನು ಹಾಸಿಗೆಯವನು" ಎಂದೇ ಪರಿಚಯ ಮಾಡಿಕೊಟ್ಟಿದ್ದರು. ಅವರ ನಾಯಿಗೆ ಹೆಸರಿತ್ತು, ಟ್ರ್ಯಾಕ್ಟರಿಗೂ ಹೆಸರಿತ್ತು, ಅಳಿಯನಿಗೆ ಮಾತ್ರ ಇರಲಿಲ್ಲ. ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ, ಮಾವನ ಬಾಯಿಂದ "ಎಮೆಟ್" ಎಂದು ಕೇಳಬೇಕು ಎನ್ನುವುದು ಅವನ ಬಹಳ ದಿನದ ಆಸೆ. ಅದಕ್ಕೇ ಶನಿವಾರ ಹೊರಟ.

ಹೆಂಡತಿ ರೋಂಡಾ ಮೀನು ಹಿಡಿಯುವವರು ಹಾಕುವಂಥ ತೋಳಿಲ್ಲದ ಕೋಟೊಂದನ್ನು ತಂದುಕೊಟ್ಟಳು. ಬೆನ್ನ ಮೇಲೆ ಕೆಂಪು ದಾರದಲ್ಲಿ ದೊಡ್ಡದೊಂದು ಮೀನಿನ ಕಸೂತಿ.

"ಸೊಂಟದ ಪಿಸ್ತೂಲು ಹೊರಗೆ ಕಾಣಬಾರದಂತೆ. ಅಲ್ಲಿ ಎಲ್ಲರೂ ಇಂಥದ್ದೇ ಹಾಕೋದು," ಅಂದಳು. "ಜೇಬಲ್ಲಿ ಏನಾದ್ರೂ ಭಾರ ಇಟ್ಕೋ. ಆಗ ಕೋಟು ಬೀಸಿ ಹಿಂದಕ್ಕೆ ಹೋಗತ್ತೆ, ಕೈಗೆ ಅಡ್ಡ ಬರಲ್ಲ."

ಉಳಿದವರು ಜೇಬಿನಲ್ಲಿ ಹಳೇ ಬೀಗದ ಕೈ, ಬೆಣಚುಕಲ್ಲು ಇಟ್ಟುಕೊಳ್ಳುತ್ತಿದ್ದರು. ಎಮೆಟ್ ಅಂಗಡಿಯಲ್ಲಿ ಹಾಸಿಗೆ ಅಳೆಯುವ ಸುರುಳಿ ಟೇಪನ್ನು ಇಟ್ಟುಕೊಂಡ. ಪಿಸ್ತೂಲು ರೋಂಡಾಳದೇ. ಮದುವೆಗೆಂದು ಹಾರ್ಲನ್ ಮಗಳಿಗೆ ಪಿಸ್ತೂಲು ಕೊಟ್ಟಿದ್ದರು, ಅಳಿಯನಿಗೆ ಒಣಗಿದ ಎಲೆ ಬಾಚುವ ಕುಂಟೆ.

ಗುಂಡು ತಡೆಯಲೆಂದು ಎಬ್ಬಿಸಿದ ಕ್ಲಬ್ಬಿನ ಮಣ್ಣುದಿಬ್ಬದ ಮುಂದೆ ಇಪ್ಪತ್ತೈದು ಜನ ಸೇರಿದ್ದರು. ಹಾರ್ಲನ್ ಮರದ ಪೆಟ್ಟಿಗೆಯ ಮೇಲೆ ನಿಂತು ನಿಯಮ ಹೇಳಿದರು.

"ನಾನು ಹೇಳೋವರೆಗೂ ಯಾರೂ ಪಿಸ್ತೂಲು ಮುಟ್ಟೋ ಹಾಗಿಲ್ಲ. ಮೂತಿ ಯಾವಾಗ್ಲೂ ದಿಬ್ಬದ ಕಡೆಗೇ. ಕೈಲಿ ಆಯುಧ ಇರೋ ರಟ್ಟಿಗೆ ಎರಡೆರಡು ಗುಂಡು. ಏನೇ ಆದ್ರೂ ವರ್ನನ್‌ಗೆ ಗುಂಡು ತಾಗಬಾರದು."

"ಯಾರು ವರ್ನನ್?" ಎಂದು ಎಮೆಟ್ ಪಕ್ಕದಲ್ಲಿದ್ದ ಬೆವರ್ಲಿಯನ್ನು ಕೇಳಿದ. ಬೆವರ್ಲಿ ಎದುರುಮನೆಯವರು. ಕ್ಲಬ್ಬಿನಲ್ಲಿ ಅಂಕ ಬರೆಯುವುದು, ಊರಿನಲ್ಲಿ ಅದನ್ನು ಹಂಚುವುದು, ಎರಡೂ ಅವರದೇ ಕೆಲಸ.

ಬೆವರ್ಲಿ ಬೆರಳು ತೋರಿಸಿದರು. ಕಳ್ಳರ ನಡುವೆ ಎರಡೂ ಬರಿ ಅಂಗೈ ಚಾಚಿ ನಿಂತ ಒಂದು ರಟ್ಟು. ಮೈಮೇಲೆ ಮಾಸಿದ ಹಳದಿ ಶರ್ಟು, ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ವರ್ನನ್ ಎಂಬ ಹೆಸರು.

"ಪಾಪ, ದಾರೀಲಿ ಹೋಗೋನು. ತನ್ನಷ್ಟಕ್ಕೆ ತಾನು ಇರೋನು," ಅಂದರು ಬೆವರ್ಲಿ. "ಅವನಿಗೊಂದು ಗುಂಡು ತಾಗಿದ್ರೆ ನೀನು ತಗೊಂಡ ಹೊತ್ತಿಗೆ ಐದು ಸೆಕೆಂಡು ದಂಡ ಸೇರತ್ತೆ. ಊರವರ ಬಾಯಿಗೆ ಬೀಳೋದು ಬೇರೆ."

ಒಬ್ಬರು ಹೊಡೆದು ಮುಗಿಸಿದ ಮೇಲೆ ರಟ್ಟಿನ ತೂತುಗಳಿಗೆಲ್ಲ ಅಂಟುಪಟ್ಟಿ ಹಚ್ಚಿ ಮುಂದಿನವರಿಗೆ ಅಣಿ ಮಾಡಬೇಕು. ಎಲ್ಲರಿಗಿಂತ ಮುಂಚೆ ಓಡಿಹೋಗಿ ಅಂಟಿಸುತ್ತಿದ್ದವನು ಒಬ್ಬ ಬಡಕಲು ಮುದುಕ. ಎಮೆಟ್ ಹೊಸಬ ಎಂದು ತಿಳಿದದ್ದೇ ಅವನ ಕಣ್ಣು ಅರಳಿದವು. ಕಾಫಿ ತಂದುಕೊಟ್ಟ, ಡೋನಟ್ ತಂದುಕೊಟ್ಟ.

"ಹಿಂದೆ ಯಾವತ್ತೂ ಹೊಡೆದಿಲ್ವಾ?" ಎಂದು ಆಸೆಯಿಂದ ಕೇಳಿದ.

"ಇಲ್ಲ."

"ಒಂದು ಸಲಾನೂ?"

"ಇಲ್ಲ ಅಜ್ಜ. ನಿಮ್ಮ ಹೆಸರು?"

"ಅದಕ್ಕೇನು ಅವಸರ, ಸಂಜೆ ಹೇಳ್ತೀನಿ," ಎಂದು ಮುದುಕ ಜಾರಿಕೊಂಡ. ಈ ಒರಟರ ನಡುವೆ ಒಬ್ಬನಾದರೂ ಒಳ್ಳೆಯವನಿದ್ದಾನಲ್ಲ ಎಂದು ಎಮೆಟ್‌ಗೆ ಸಮಾಧಾನವಾಯಿತು.

ಮೊದಲ ಆಟ ಪೆಟ್ರೋಲ್ ಬಂಕಿನ ಅಂಗಡಿ. ಕೈಯಲ್ಲಿ ಹಾಲಿನ ಡಬ್ಬಿ ಹಿಡಿದು ನಿಲ್ಲಬೇಕು, ಬೀಪ್ ಅಂದಾಗ ಅದನ್ನು ಬಿಸಾಡಿ ಪಿಸ್ತೂಲು ತೆಗೆಯಬೇಕು. ಬೀಪ್ ಅಂದಿತು. ಎಮೆಟ್ ಡಬ್ಬಿಯನ್ನು ತುಳುಕದ ಹಾಗೆ ಮೆಲ್ಲಗೆ ಮೇಜಿನ ಮೇಲಿಟ್ಟು, ಮುಚ್ಚಳ ಸರಿಯಾಗಿದೆಯೇ ಎಂದು ನೋಡಿದ.

"ಖಾಲಿ ಡಬ್ಬಿ ಕಣೋ ಅದು," ಎಂದು ಬೆವರ್ಲಿ ಕೂಗಿದರು.

ಗಾಬರಿಯಲ್ಲಿ ಕೋಟನ್ನು ಬೀಸಿದ. ಜೇಬಿನ ಟೇಪು ಹೊರಬಿದ್ದು ಸುರುಳಿ ಬಿಚ್ಚಿಕೊಂಡು ಮೊಣಕಾಲಿಗೆ ಸುತ್ತಿಕೊಂಡಿತು. ಒಂದು ಕಾಲು ಕಟ್ಟಿದ ಕೋಳಿಯಂತೆ ನಿಂತು ಹೊಡೆದ. ಕಳ್ಳರಿಗೆ ಕೂದಲೂ ಕೊಂಕಲಿಲ್ಲ. ವರ್ನನ್‌ಗೆ ಮೂರು ಗುಂಡು ತಾಗಿದ್ದವು.

ಹಾರ್ಲನ್ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡನೆಯದು ಹೋಟೆಲು. ಗೋಡೆಯ ಮರೆಯಲ್ಲಿ ನಿಂತು ಹೊಡೆಯಬೇಕಾಗಿತ್ತು. ಎಮೆಟ್ ಮರೆಯಿಂದ ಪೂರ್ತಿ ಹೊರಗೆ ಬಂದು, ಗಿರಾಕಿಯನ್ನು ಬರಮಾಡಿಕೊಳ್ಳುವವನ ಹಾಗೆ ಕಳ್ಳರ ಎದುರು ನಿಂತ. ಗುಂಡು ಮುಗಿದು ಹೊಸದನ್ನು ತುಂಬಲು ಹೋಗಿ ಜಲ್ಲಿಯ ಮೇಲೆ ಬೀಳಿಸಿದ. ಇಷ್ಟರಲ್ಲಿ ವರ್ನನ್‌ಗೆ ಇನ್ನೂ ನಾಲ್ಕು.

"ಏಳು," ಎಂದು ಬೆವರ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಜನರಲ್ಲಿ ಗುಸುಗುಸು ಎದ್ದಿತು. "ಏಳಂತೆ, ಏಳಂತೆ," ಎಂದು ಸುದ್ದಿ ಕಾರುಗಳು ನಿಂತಿದ್ದ ಕಡೆಗೂ ಹೋಯಿತು.

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಎಮೆಟ್‌ಗೆ. ತನ್ನ ಪಕ್ಕದಲ್ಲಿ ಎಪ್ಪತ್ತರ ಅಜ್ಜಿಯರು ಟಪಟಪ ಹೊಡೆದು, ಚೀಲದಿಂದ ಸ್ಯಾಂಡ್‌ವಿಚ್ ತೆಗೆದು ತಿನ್ನುತ್ತಿದ್ದರು. ಮಾವನ ಮುಖ ನೋಡುವ ಧೈರ್ಯ ಉಳಿದಿರಲಿಲ್ಲ. ತಲೆ ತಗ್ಗಿಸಿಕೊಂಡು ಕಾರಿನತ್ತ ನಡೆದ. ಬಾಗಿಲಿಗೆ ಅಡ್ಡಲಾಗಿ ಅದೇ ಮುದುಕ ನಿಂತಿದ್ದ.

"ಹೋಗ್ಬೇಡ ಕಣಪ್ಪ," ಅಂದ. "ಇನ್ನೊಂದೇ ಆಟ ಇರೋದು. ನಿನ್ನ ಕೈಲಿ ಆಗತ್ತೆ. ನಂಗೆ ನಿನ್ನ ಮೇಲೆ ಪೂರ್ತಿ ನಂಬಿಕೆ ಇದೆ."

ಎಮೆಟ್‌ಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. ಕಣ್ಣೊರೆಸಿಕೊಂಡು ಹಿಂದಿರುಗಿದ.

ಮೂರನೆಯ ಆಟದ ಜಾಗದಲ್ಲಿ ಒಂದು ಮಂಚ, ಅದರ ಮೇಲೊಂದು ಹಾಸಿಗೆ. ನಿದ್ದೆಯಲ್ಲಿದ್ದಾಗ ಮನೆಗೆ ಕಳ್ಳರು ನುಗ್ಗುತ್ತಾರೆ. ಮಲಗಿದಲ್ಲಿಂದ ಎದ್ದು ಕೂತು, ಪಕ್ಕದ ಡ್ರಾಯರಿನಿಂದ ಪಿಸ್ತೂಲು ತೆಗೆದು, ವರ್ನನ್‌ನ ಆಚೀಚೆ ನಿಂತ ಇಬ್ಬರು ಕಳ್ಳರನ್ನು ಹೊಡೆಯಬೇಕು. ಹಾಸಿಗೆಯನ್ನು ಕಂಡದ್ದೇ ಎಮೆಟ್‌ಗೆ ಜೀವ ಬಂತು. ಸುತ್ತ ನೋಡಿದರೆ ಬಂದವರೆಲ್ಲ ತಮ್ಮ ಆಟ ಬಿಟ್ಟು ಅಲ್ಲೇ ನೆರೆದಿದ್ದರು. ಹೊಸಬನಿಗೆ ಧೈರ್ಯ ತುಂಬಲು ಬಂದಿದ್ದಾರೆ, ಎಂಥ ಒಳ್ಳೆಯ ಜನ ಎಂದುಕೊಂಡು ಮಲಗಿದ. ಮಲಗಿದವನ ಕೈ ಅಭ್ಯಾಸದಂತೆ ಹಾಸಿಗೆಯನ್ನು ಒತ್ತಿ ನೋಡಿತು.

"ಇದರ ನಡುವಿನ ಸ್ಪ್ರಿಂಗೆಲ್ಲ ಕೂತುಹೋಗಿದೆ ಮಾವ. ಬೆನ್ನಿಗೆ ಒಳ್ಳೇದಲ್ಲ."

"ರೆಡಿನಾ ಅಂತ ಕೇಳಿದ್ದು," ಅಂದರು ಹಾರ್ಲನ್ ಹಲ್ಲು ಕಚ್ಚಿ.

ಬೀಪ್ ಅಂದಿತು. ಎದ್ದು ಕೂತು ಪಿಸ್ತೂಲನ್ನು ಎತ್ತಿ ಎಡಗಡೆಯ ಕಳ್ಳನಿಗೆ ಸರಿಯಾಗಿಯೇ ಗುರಿಯಿಟ್ಟ. ಕೂತ ಸ್ಪ್ರಿಂಗು ಅವನನ್ನು ಬಲಕ್ಕೆ ವಾಲಿಸಿತು. ಬಲಗಡೆಯವನಿಗೆ ಗುರಿಯಿಟ್ಟ, ಅದು ಎಡಕ್ಕೆ ವಾಲಿಸಿತು. ನಾಲ್ಕು ಗುಂಡಿನಲ್ಲಿ ಒಂದು ದಿಬ್ಬಕ್ಕೆ ಹೋಯಿತು.

ಪಿಸ್ತೂಲು ಖಾಲಿಯೆಂದು ತೋರಿಸಿ ಡ್ರಾಯರಿಗೆ ಹಾಕಿದ ಮೇಲೆ ಬೆವರ್ಲಿ ರಟ್ಟಿನ ಹತ್ತಿರ ಹೋದರು. ಕನ್ನಡಕ ಹಾಕಿ ಒಂದು ಸಲ ಎಣಿಸಿದರು, ಒರೆಸಿಕೊಂಡು ಮತ್ತೆ ಎಣಿಸಿದರು.

"ವರ್ನನ್‌ಗೆ ಮೂರು. ಒಟ್ಟು ಹತ್ತು," ಅಂದರು.

ಚಪ್ಪಾಳೆ ಮುಗಿಲು ಮುಟ್ಟಿತು. ಬಡಕಲು ಮುದುಕ ಅಂಟುಪಟ್ಟಿಯ ಸುರುಳಿಯನ್ನು ಆಕಾಶಕ್ಕೆ ಎಸೆದು, ಓಡಿಬಂದು ಎಮೆಟ್‌ನನ್ನು ತಬ್ಬಿಕೊಂಡು ಗಳಗಳ ಅತ್ತ.

"ನಾನೇ ವರ್ನನ್," ಅಂದ. "ಹನ್ನೊಂದು ವರ್ಷದ ಹಿಂದೆ, ನನ್ನ ಮೊದಲನೇ ದಿನ, ಈ ದಾರಿಹೋಕನ ರಟ್ಟಿಗೆ ಒಂಬತ್ತು ಹೊಡ್ದಿದ್ದೆ. ಅವತ್ತೇ ನನ್ನ ಶರ್ಟು ಬಿಚ್ಚಿಸಿಕೊಂಡು ರಟ್ಟಿಗೆ ಹಾಕಿದ್ರು. ನನಗಿಂತ ಹೆಚ್ಚು ಹೊಡೆಯೋನು ಬರೋವರೆಗೂ ಹೆಸರು ತೆಗೆಯಲ್ಲ ಅಂದ್ರು. ಚರ್ಚಿಗೆ ಹೋದ್ರೂ 'ಗುಂಡೇಟು ವಾಸಿ ಆಯ್ತಾ ವರ್ನನ್' ಅಂತ ಕೇಳ್ತಾರೆ. ತಿಂಗಳು ತಿಂಗಳೂ ಬಂದು ನಿನ್ನ ದಾರಿ ಕಾಯ್ತಿದ್ದೆ ಕಣಪ್ಪ."

ಚಪ್ಪಾಳೆ ಯಾತಕ್ಕೆಂದು ಎಮೆಟ್‌ಗೆ ಈಗ ತಿಳಿಯಿತು. ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದು ತೋಚದೆ ನಿಂತಿದ್ದಾಗ ಹಾರ್ಲನ್ ಬಂದು, ಇಪ್ಪತ್ತೈದು ಜನರ ಎದುರಿಗೆ, ಅವನ ಹೆಗಲ ಮೇಲೆ ಕೈಯಿಟ್ಟರು.

"ಎಮೆಟ್," ಅಂದರು.

ಮದುವೆಯಾದಾಗಿನಿಂದ ಇದೇ ಮೊದಲ ಸಲ. ಇಷ್ಟೆಲ್ಲ ಅವಮಾನದ ನಡುವೆಯೂ ಎಮೆಟ್ ಬೆನ್ನು ನೆಟ್ಟಗೆ ಮಾಡಿ ನಿಂತ.

"ಏನು ಮಾವ?"

"ಆ ಕೋಟು ಬಿಚ್ಚು."

ಮರುದಿನ ಭಾನುವಾರ. ಊಟದ ಮೇಜಿನಲ್ಲಿ ಹಾರ್ಲನ್ ಎಂದೂ ಇಲ್ಲದಷ್ಟು ಗೆಲುವಾಗಿದ್ದರು.

"ಎಮೆಟ್‌ನನ್ನ ಕ್ಲಬ್ಬಿನ ಕೊಟ್ಟಿಗೇಲಿ ಇಟ್ಟು ಬಂದೆ ರೋಂಡಾ, ಇಬ್ಬನಿ ತಾಗೋದು ಬೇಡ ಅಂತ," ಅಂದರು. "ಮೀನಿನ ಕೋಟು ಅವನಿಗೆ ಎಷ್ಟು ಚೆನ್ನಾಗಿ ಒಪ್ಪತ್ತೆ. ಎಮೆಟ್ ಒಳ್ಳೇ ಮನುಷ್ಯ. ತನ್ನ ಪಾಡಿಗೆ ತಾನು ನಿಂತಿರ್ತಾನೆ, ತಲೆಹರಟೆ ಮಾತಿಲ್ಲ. ಮುಂದಿನ ತಿಂಗಳಿಂದ ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳ್ತೀನಿ, ಏನೇ ಆದ್ರೂ ಎಮೆಟ್‌ಗೆ ಗುಂಡು ತಾಗಬಾರದು ಅಂತ."

ಅಳಿಯ ಬಾಯಿ ತೆರೆಯಲು ಹೋಗಿ, ಹೋದ ವಾರದ ನೆನಪಾಗಿ ಮುಚ್ಚಿಕೊಂಡ. ಹಾರ್ಲನ್ ಅವನತ್ತ ತಿರುಗಿದರು.

"ಹಾಸಿಗೆ, ಆ ಆಲೂಗಡ್ಡೆ ಸ್ವಲ್ಪ ಇತ್ತ ತಳ್ಳು."